ಹನ್ನೊಂದನೇ ರೀಲು

ಒಂಬತ್ತರ ಜಾಗಕ್ಕೆ ಹನ್ನೊಂದನೇ ರೀಲು ಏರಿಸಿಬಿಟ್ಟೆ,
ಸೆಕೆಂಡ್ ಶೋ, ಕಣ್ಣಿಗೆ ನಿದ್ದೆ.
ಜಗಳಕ್ಕೆ ಮೊದಲೇ ಸ್ಟೇಷನ್ನಿಗೆ ಓಡಿಬಂದು
ತಬ್ಬಿಕೊಂಡರು ಇಬ್ಬರೂ.
ಬಾಲ್ಕನಿಯಲ್ಲಿ ಶಿಳ್ಳೆ.
ಆಮೇಲೆ ಯಾರದೋ ಕಾಗದ ಯಾರಿಗೋ ಸಿಕ್ಕಿ ಮಾತು ಬಿಟ್ಟರು;
ಅದಕ್ಕೂ ಕಣ್ಣೊರೆಸಿಕೊಂಡರು ಜನ.
ದುಡ್ಡು ವಾಪಸ್ ಕೇಳಿದವರು ಒಬ್ಬರೇ,
ದುರ್ಗಿಗುಡಿಯ ಗಣಿತದ ಮೇಷ್ಟ್ರು.
ಮುನಿಸಿಲ್ಲದ ರಾಜಿ ಸಪ್ಪೆ ಕಣೋ, ಮ್ಯಾನೇಜರು ಬೈದ.

ಸೈಕಲ್ ತುಳಿದು ತುಂಗೆಯ ಸೇತುವೆ ದಾಟಿ ಬಂದೆ.
ಹೇಳಿದೆ. ಜಲಜಾಕ್ಷಿ ನಗಲಿಲ್ಲ.
ಅನ್ನ ಬಡಿಸುತ್ತ ಅಂದಳು:
"ನಮ್ಮದೂ ಯಾರೋ ಹಿಂಗೇ ಏರಿಸಿದಾರೆ, ಮಾರಾಯ್ರೇ.
ಮೊದಲು ತಾಳಿ, ಆಮೇಲೆ ಮುನಿಸು.
ಅವಳನ್ನ ಅವನು ಮೊದಲ ಸಲ ನೋಡೋ ರೀಲು
ಯಾವ ಡಬ್ಬದಲ್ಲಿದೆ?"

ಹದಿನಾರು ವರ್ಷ.
ಸಾರಿಗೆ ಉಪ್ಪಿರಲಿಲ್ಲ.
ತಲೆಯೆತ್ತಿದೆ.
ಎಡಗೆನ್ನೆಯ ಮೇಲೊಂದು ಮಚ್ಚೆ.