ಬಾಲದ ಚುಕ್ಕೆ

ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ.
ನೀರಿನ ಬಾಟಲಿ ಹೊರಗೆ, ಸೀಸದಕಡ್ಡಿ ಒಳಗೆ,
ಪೆನ್ನು ಮುದುಕ ದಾನ್‌ನ ಮೇಜಿನ ಖಾನೆಯಲ್ಲಿ.
ನನ್ನ ಪರಿಚಯಪತ್ರವನ್ನು ಅವನು
ಹದಿನೇಳನೆಯ ದಿನವೂ ಮೊದಲ ದಿನದಂತೆಯೇ ಓದುತ್ತಾನೆ:
ವಿಶ್ವವಿದ್ಯಾಲಯದ ಮೊಹರು, ವಿಭಾಗದ ಮೊಹರು,
ವಿಷಯ ಚಿಂಗ್ ಕಾಲದ ಜಿಲ್ಲಾ ನ್ಯಾಯ,
ಕೆಳಗೆ, ಸೂಕ್ಷ್ಮ ಅಂಶಗಳಿಲ್ಲ ಎಂದೊಂದು ಸಾಲು.

ನೂರ ನಲವತ್ತು ವರ್ಷ ಹಳೆಯ ಜಗಳದಲ್ಲಿ
ಇನ್ನೇನು ಸೂಕ್ಷ್ಮ ಇದ್ದೀತು ಎಂದು ನಾನು ಕೇಳುವುದಿಲ್ಲ.
ಕೇಳಿದವರ ಕಟ್ಟುಗಳು ಮಾರನೆಯ ದಿನ
ದುರಸ್ತಿಗೆ ಹೋಗಿರುತ್ತವೆ.

ಕಿಟಕಿಯಾಚೆ ಜಿಯಾಲಿಂಗ್ ನದಿ, ಮಂಜು,
ಮರಳು ಹೊತ್ತ ದೋಣಿಯ ಕೆಮ್ಮು.
ಮೇಜಿನ ಮೇಲೆ ಗುವಾಂಗ್‌ಶು ಒಂಬತ್ತನೆಯ ವರ್ಷ, ಮೂರನೆಯ ತಿಂಗಳು.

ಪೂ ಮನೆಯ ವಿಧವೆ. ತವರು ಶಿಯಾನ್ ಕುಲ.
ಅವಳದೇ ಹೆಸರು ಯಾವ ಕಾಗದದಲ್ಲೂ ಇಲ್ಲ.
ಶಾಲೆಗೆಂದು ಕುಲದವರು ಬಿಟ್ಟ ಗದ್ದೆ ಒಂದಿತ್ತು;
ತಂದೆಯಿಲ್ಲದ ಹುಡುಗರು ಅದರ ಭತ್ತದಲ್ಲಿ ಓದಬೇಕು.
ಭತ್ತವನ್ನು ಮೈದುನ ಮಾರಿಕೊಂಡ.
ಮೂರು ಅರ್ಜಿ. ಮೂರಕ್ಕೂ ಸರ್ಕಾರಿ ಬರಹಗಾರನ ಮೊಹರು,
ಮುತ್ತಿನಂಥ ಅಕ್ಷರ, ಬಾಡಿಗೆಯ ಕಣ್ಣೀರು:
ಆಕಾಶದಷ್ಟು ದೊಡ್ಡವರು ತಾವು, ಇರುವೆಯಷ್ಟು ನಾನು.
ಮೂರರ ಮೇಲೂ ಕೆಂಪು ಶಾಯಿ:
ಮನೆಯ ಮಾತು ಹೊಸಿಲು ದಾಟದಿರಲಿ. ಸ್ವೀಕರಿಸಿಲ್ಲ.

ನನ್ನ ಪ್ರಬಂಧಕ್ಕೆ ಇಷ್ಟು ಸಾಕಿತ್ತು.
ಕೋಷ್ಟಕ ಆರು, ಸಾಲು ಮುನ್ನೂರ ಹನ್ನೆರಡು:
ವಿಧವೆ, ಶಾಲೆಯ ಗದ್ದೆ, ತಿರಸ್ಕೃತ.

ಆದರೆ ಕಟ್ಟಿನ ತಳದಲ್ಲಿ ನಾಲ್ಕನೆಯದೊಂದು,
ಬೆಳ್ಳಿಹುಳ ತಿಂದ ಅಂಚು, ಮೊಹರಿಲ್ಲ,
ಕೆರೆ ಏರಿಯ ಮೇಲಿನ ಬಾತುಗಳಂತೆ
ಒಂದನ್ನೊಂದು ನೂಕುವ ಅಕ್ಷರ.
ಹುಡುಗನೇ ಬರೆದದ್ದು. ಪೂ ತಿಂಗ್‌ಗುಯಿ, ವಯಸ್ಸು ಹನ್ನೊಂದು.
ಬರಹಗಾರನಿಗೆ ಕೊಡಲು ಕಾಸು ಮುಗಿದಿರಬೇಕು
(ಈ 'ಇರಬೇಕು'ಗಳನ್ನು ನನ್ನ ವಿದ್ಯಾರ್ಥಿಗಳ ಬರಹದಲ್ಲಿ
ನಾನೇ ಹೊಡೆದುಹಾಕುತ್ತೇನೆ).

ಅನ್ಯಾಯ ಎಂಬುದಕ್ಕೆ ನಮ್ಮ ಅಕ್ಷರ,
ಮುಚ್ಚಳದಡಿ ಮುದುರಿ ಕೂತ ಮೊಲ.
ಹುಡುಗ ಮೊಲದ ಬಾಲ ಮರೆತಿದ್ದಾನೆ.
ಆ ಒಂದು ಚುಕ್ಕೆ ಇಲ್ಲದಿದ್ದರೆ
ಮುಚ್ಚಳದಡಿ ಇರುವುದು ಮೊಲವಲ್ಲ,
ಪಾರಾಗುವುದು ಎಂಬ ಬೇರೆಯೇ ಮಾತು.

ಜಿಲ್ಲಾಧಿಕಾರಿಯ ಕಣ್ಣಿಗೆ ಬಿದ್ದಿದೆ.
ಮೂವತ್ತು ವರ್ಷ ಪರೀಕ್ಷೆ ಬರೆದು ಬೆನ್ನು ಬಾಗಿದವನು,
ತಪ್ಪಕ್ಷರ ಕಂಡರೆ ಕೈ ಸುಮ್ಮನಿರದು.
ಕೆಂಪು ಕುಂಚದ ತುದಿಯಿಂದ, ಮೆಲ್ಲಗೆ,
ಮಗುವಿಗೆ ದೃಷ್ಟಿಬೊಟ್ಟು ಇಡುವಂತೆ
ಎಳ್ಳುಕಾಳಿನಷ್ಟು ಬಾಲ ಇಟ್ಟಿದ್ದಾನೆ.
ಅಕ್ಷರ ಸರಿಯಾಯಿತು. ಅನ್ಯಾಯ.
ಪಕ್ಕದಲ್ಲೇ, ಕುಂಚವನ್ನು ಮತ್ತೆ ಅದ್ದದೆ:
ಬರಹಗಾರನ ಮೊಹರಿಲ್ಲ. ಸ್ವೀಕರಿಸಿಲ್ಲ.

ಎಷ್ಟು ಹೊತ್ತು ನೋಡುತ್ತ ಕೂತೆನೋ.
ಇದನ್ನು ಯಾವ ಕೋಷ್ಟಕಕ್ಕೆ ಸೇರಿಸಲಿ?
ಒಂದು ಚುಕ್ಕೆ ಎಷ್ಟರಮಟ್ಟಿಗೆ ಪ್ರಾತಿನಿಧಿಕ
ಎಂದು ಪರಿಶೀಲಕರು ಕೇಳುತ್ತಾರೆ, ಕೇಳಬೇಕಾದದ್ದೇ.
ಕಳೆದ ಸಲ ನನ್ನ ಲೇಖನ ಮರಳಿದಾಗ
ಅಲ್ಪವಿರಾಮಗಳನ್ನೆಲ್ಲ ಅಕ್ಕರೆಯಿಂದ ತಿದ್ದಿದ್ದರು.
ಕೊನೆಯ ಎರಡು ಪುಟ ಇರಲಿಲ್ಲ.

ಫೋಟೊ ತೆಗೆಯುವಂತಿಲ್ಲ. ಸೀಸದಲ್ಲಿ ನಕಲು ಮಾಡಿಕೊಂಡೆ,
ಬಾತುಗಳನ್ನು ಬಾತುಗಳ ಹಾಗೆಯೇ,
ಮೊಲವನ್ನು ಬಾಲವಿಲ್ಲದೆ.
ಸೀಸಕ್ಕೆ ಕೆಂಪು ಬರುವುದಿಲ್ಲವಲ್ಲ.
ಅಂಚಿನಲ್ಲಿ ಬರೆದೆ: ಚುಕ್ಕೆ ಆಮೇಲಿನದು. ಬೇರೆಯ ಕೈ.

ಐದಕ್ಕೆ ದಾನ್ ನನ್ನ ಪುಸ್ತಕದ ಹಾಳೆ ಹಾಳೆ ತಿರುವಿದ.
ನಿಯಮ. ಒಳಗಿನದು ಹೊರಗೆ ಹೋಗಬಾರದು.
ಒಂದು ಕಡೆ ಬೆರಳು ನಿಂತಿತು.
'ಟೀಚರ್, ಇಲ್ಲೊಂದು ಚುಕ್ಕೆ ಬಿಟ್ಟಿದ್ದೀರಿ.'
ಗೊತ್ತು, ಎಂದೆ.
ಅವನಾಗಲೇ ಖಾನೆ ಎಳೆದು
ನನ್ನ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ.