ಹದಿನೇಳನೆಯ ನಳಿಕೆ

ಇಪ್ಪತ್ತನಾಲ್ಕು ನಳಿಕೆ, ಕಿರುಬೆರಳ ತುದಿಯಷ್ಟು.
ಒಳಗೆ ಕಾಳಿ ಅಳಿವೆಯ ಬಳಚು—
ಮಾಂಸ ಕಳೆದು, ಉಪ್ಪು ಕಳೆದು,
ಹನಿಯೂ ಅಲ್ಲದ ಹನಿ.

ಹದಿನೇಳರಲ್ಲಿ ಡಿಎನ್‌ಎ ಕಡಿಮೆ. ಇರಲಿ,
ಅದು ಗುಲಾಬಿ ತಾಂಡೇಲ ಆರಿಸಿ ಕೊಟ್ಟದ್ದು:
"ಇದರ ಜಾತಿಯೇ ಬೇರೆ, ಅಕ್ಕೋರೆ.
ಸಾರು ಮಾಡಿದರೆ ನಾಲಿಗೆಗೆ ಗೊತ್ತಾಗ್ತದೆ."
ನಮಗೆ ಗೊತ್ತಾಗಲು ಹೈದರಾಬಾದಿಗೆ ಹೋಗಬೇಕು.

ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ,
ಒದ್ದೆ ಬೆರಳಿಗೆ ಅಳಿಸಿದ ಅಂಕಿ ಮತ್ತೆ ಬರೆದು,
ಥರ್ಮಾಕೋಲಿನಲ್ಲಿ ಐಸ್ ಜೆಲ್ ಜತೆ ಮಲಗಿಸಿ
ಕೋಡಿಬಾಗದಿಂದ ಸ್ಕೂಟರಿನಲ್ಲಿ ತಂದೆ.

ಕೊರಿಯರಿನ ಹುಡುಗ ಪೆಟ್ಟಿಗೆ ಮೂಸಿದ:
"ಮೀನಾದರೆ ತಗೊಳ್ಳೋದಿಲ್ಲ."
ವಾಸನೆ ಇಲ್ಲ.
ಬೆಲೆಯ ಕಾಲಮ್ಮಿನಲ್ಲಿ ನೂರು ರೂಪಾಯಿ ಬರೆದೆ—
ಪೇಟೆಯಲ್ಲಿ ಗುಲಾಬಿ ಹೇಳುವ ಒಂದು ಪಾಲಿನ ದರ,
ಚೌಕಾಸಿಗೆ ಮೊದಲು.

ರಸೀದಿ ಹಿಡಿದ ಕೈ ಮಾತ್ರ
ಇನ್ನೂ ಹೊಳೆ ನಾರುತ್ತಿತ್ತು.