ಗಾಂಧಾರದ ಲೆಕ್ಕ

ಅರಸೀಕೆರೆ, ಬಿ.ಎಚ್. ರಸ್ತೆ, ಹದಿನಾಲ್ಕು ಮರದ ಮೆಟ್ಟಿಲು.
ಮೇಲೆ ಕಮಲಾಕ್ಷಮ್ಮ ಟೀಚರ ವೀಣೆ ಪಾಠ,
ಕೆಳಗೆ ದಸ್ತಗೀರ್ ಸಾಬರ ಬ್ಯಾಂಡ್‌ಸೆಟ್ಟು.
ನಡುವೆ ಹಲಗೆ; ಅದಕ್ಕೆ ಎರಡೂ ಕಡೆ ಕಿವಿ.

ಆ ವರ್ಷ ನನಗೆ ತೋಡಿ.
"ಗಾಂಧಾರ ನಿಲ್ಲಿಸಬೇಡ," ಟೀಚರು ತೊಡೆ ತಟ್ಟಿ,
"ನಿಂತರೆ ಅದು ಸ್ವರವಲ್ಲ, ದನ ಕಟ್ಟೋ ಗೂಟ."
ತಂತಿ ಎಳೆದು ಬಿಟ್ಟು, ಎಳೆದು ಬಿಟ್ಟು
ಬೆರಳ ತುದಿಗೆ ಗೆರೆ ಬಿತ್ತು.
ರಿಷಭಕ್ಕೂ ಮಧ್ಯಮಕ್ಕೂ ಓಡಾಡಿ ಸುಸ್ತಾಗಿ
ಗಾಂಧಾರ ಎಲ್ಲಿದೆಯೆಂದೇ ತಿಳಿಯಲಿಲ್ಲ.

ತಿಳಿದದ್ದು ಅಟ್ಟದ ಮೇಲೆ.
ಅಪ್ಪ ಕೊಬ್ಬರಿ ಸಾಹುಕಾರರ ಆಳು.
ಊರೂರಿನ ಅಟ್ಟ ಹತ್ತಿ, ವರ್ಷ ಒಣಗಿದ ಕಾಯಿ ಕಿವಿಗೆ ಹಿಡಿದು
ಒಮ್ಮೆ ಅಲ್ಲಾಡಿಸುತ್ತಿದ್ದ.
ನೀರಾಡಿದರೆ ಪಕ್ಕಕ್ಕೆ.
ಸದ್ದೇ ಇಲ್ಲದಿದ್ದರೆ ಚಿಪ್ಪಿಗೆ ಅಂಟಿದೆ, ಇನ್ನೂ ಕಾಯಬೇಕು.
ಒಳಗಿನ ಉಂಡೆ ತಾನೇ ಬಿಟ್ಟುಕೊಂಡು
ಗುಡುಗುಡು ಅಂದರೆ "ಇದು ನೋಡು" ಅನ್ನುತ್ತಿದ್ದ.

ಗಮಕ ಅಂದರೆ ಅದು.
ಸ್ವರ ತನ್ನ ಚಿಪ್ಪಿನೊಳಗೇ ಇದ್ದು
ಚಿಪ್ಪಿಗೆ ಅಂಟದೆ ಇರುವುದು.

ಟೀಚರಿಗೆ ಹೇಳಲಿಲ್ಲ. ತೋಡಿಗೆ ಕೊಬ್ಬರಿ ಹೋಲಿಸಿದರೆ
ಕಿಟಕಿ ಮುಚ್ಚುವ ಮುಖ ಮಾಡುತ್ತಿದ್ದರು,
ಕೆಳಗಿಂದ ಸಿನಿಮಾ ಹಾಡು ಬಂದಾಗ ಮಾಡುವ ಮುಖ.

ಆ ಹಾಡನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕದ್ದು ಬರೆದುಕೊಂಡೆ.
ಅದೇ ಗಾಂಧಾರ. ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.
ಆದರೆ ಅಲ್ಲಾಡುವುದಿಲ್ಲ; ನೆಟ್ಟಗೆ ನಿಲ್ಲುತ್ತದೆ
ಜಂಕ್ಷನ್ನಿನ ಸಿಗ್ನಲ್ ಕಂಬದ ಹಾಗೆ, ಕೆಂಪಗೆ.
ಗೂಟವೇ ಅಲ್ಲವೇ ಇದು?
ಮತ್ತೆ ನನ್ನ ಗಂಟಲು ಯಾಕೆ ಕಟ್ಟಬೇಕು?

ಕೆಳಗಿಳಿದು ಕೇಳಿದೆ.
ಸಾಬರು ರೀಡಿಗೆ ಎಂಜಲು ಹಚ್ಚಿ
ಮೊದಲು ದಿಬ್ಬಣದ ಓಟದಲ್ಲಿ ಊದಿದರು;
ಸೈಡ್ ಡ್ರಮ್ಮಿನ ಹುಡುಗ ಮೌಲಾ ಕುಣಿದೇಬಿಟ್ಟ.
ಆಮೇಲೆ ಡ್ರಮ್ಮಿನ ಮೇಲೊಂದು ಟವೆಲ್ಲು ಹಾಸಿ
ಅದೇ ಹಾಡು, ಸ್ಮಶಾನದ ದಾರಿಯ ನಡಿಗೆಯಲ್ಲಿ.
"ಒಂದು ಸ್ವರ ಬದಲಾಯ್ಸಿಲ್ಲ ನೋಡಮ್ಮ.
ಗಾ ಅಂತ ನಿಲ್ತೀನಿ. ಅಲ್ಲಿ ಇವನು ಒಂದು ಏಟು ಹಾಕ್ಬೇಕು,
ಹಾಕಲ್ಲ.
ಜನ ಅಳೋದು ನಾನು ಊದೋದಕ್ಕಲ್ಲ,
ಆ ಹಾಕದ ಏಟಿಗೆ."

ಹಾಕದ ಏಟಿಗೆ ಕೂಲಿ ಎಷ್ಟು ಅಂತ ಮೌಲಾನನ್ನು ಕೇಳಿದೆ.
ಪೂರ್ತಿ ಕೂಲಿ, ಅಂದ.

ಒಂದು ಮಧ್ಯಾಹ್ನ ಟೀಚರು ಲೋಟ ತೊಳೆಯುತ್ತಾ
ಗುನುಗುತ್ತಿದ್ದರು, ಅದೇ ಸಿನಿಮಾ ಹಾಡು.
ಗಾಂಧಾರ ನೆಟ್ಟಗೆ ನಿಂತಿತ್ತು, ನಲ್ಲಿಯ ನೀರಿನ ಪಕ್ಕ.
ಬಾಗಿಲಲ್ಲಿ ನನ್ನನ್ನು ಕಂಡದ್ದೇ
ಅದಕ್ಕೊಂದು ಕಂಪನ ಕೊಟ್ಟು ಶಾಸ್ತ್ರೀಯ ಮಾಡಿದರು.
ಹಾಡು ಕೆಟ್ಟಿತು. ಇಬ್ಬರಿಗೂ ಗೊತ್ತಾಯಿತು.

ಪರೀಕ್ಷೆಯಲ್ಲಿ "ತೋಡಿಯ ಭಾವವೇನು" ಎಂಬ ಪ್ರಶ್ನೆ.
"ಕರುಣೆ, ಭಕ್ತಿ" ಎಂದು ಬರೆದು ಎರಡು ಅಂಕ ಪಡೆದೆ.
ಟವೆಲ್ಲಿನ ವಿಷಯಕ್ಕೆ ಅವರು ಜಾಗ ಬಿಟ್ಟಿರಲಿಲ್ಲ.

ಆಷಾಢ. ಮದುವೆಯಿಲ್ಲ, ಬ್ಯಾಂಡಿಗೆ ಕೆಲಸವಿಲ್ಲ.
ಕರೆಂಟು ಹೋಗಿ ನಾವು ಕತ್ತಲಲ್ಲಿ ಕೂತಿದ್ದೆವು.
ಕೆಳಗೆ ಕ್ಲಾರಿನೆಟ್ಟು ಎದ್ದಿತು: ತೋಡಿ!
ಇಪ್ಪತ್ತು ವರ್ಷ ಹಲಗೆ ಸಂದಿಯಿಂದ ಸೋರಿ
ಅವರ ತಲೆ ಮೇಲೆ ಹನಿದದ್ದು
ಈಗ ತಿರುಗಿ ಮೇಲೆ ಹತ್ತುತ್ತಿತ್ತು.
ಗಾಂಧಾರ ವಿಪರೀತ ನಡುಗಿತು, ಚಳಿಜ್ವರದವರ ಹಾಗೆ.
ಟೀಚರು ಹಿಮ್ಮಡಿಯಿಂದ ಹಲಗೆಗೆ ಒಂದು ಕುಟ್ಟಿದರು.
ಸದ್ದು ನಿಂತಿತು. ಮತ್ತೆ ಶುರು.
ಮತ್ತೆ ಕುಟ್ಟಿದರು.
ಮೂರನೆಯದಕ್ಕೂ.
ಇಷ್ಟು ವರ್ಷ ಅವರಿಬ್ಬರೂ ಆಡಿದ ಮಾತು
ಬಾಡಿಗೆ, ನೀರಿನ ಬಿಲ್ಲು, ಅಷ್ಟೆ.

ನಾಲ್ಕನೆಯ ಸಲ ಗಾಂಧಾರ ಬಂತು.
ಹಿಮ್ಮಡಿ ಎತ್ತಿದ್ದು ಸೀರೆಯ ಸರಭರದಲ್ಲಿ ಗೊತ್ತಾಯಿತು.
ಇಳಿಯಲಿಲ್ಲ.

ಸರಿಯಾಯಿತೋ, ಸಾಕಾಯಿತೋ, ತಿಳಿಯಲಿಲ್ಲ ನನಗೆ.
ಪೆನ್ಸಿಲ್ಲು ಕೈಯಲ್ಲಿತ್ತು.
ಒಂದಕ್ಷರ ಕಾಲ ತಡೆದರೆ ಅಲ್ಪವಿರಾಮ, ಎರಡಕ್ಕೆ ಅರ್ಧವಿರಾಮ;
ಅದರಾಚೆಗೆ ನಮಗೆ ಗುರುತು ಕಲಿಸಿಲ್ಲ.
ಕಾಣದ ಪುಟದ ಮೇಲೆ ಅಲ್ಪವಿರಾಮ ಹಾಕುತ್ತಾ ಹೋದೆ,
ಅಂಚು ದಾಟಿ ಪೆನ್ಸಿಲ್ಲು ಚಾಪೆಗೆ ತಾಗುವವರೆಗೆ.